ಪಟ್ಟದಾವಿನ ಬಾಲ ತೋರಿದ ದಾರಿ

ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಅಂದು ರೈಲಿನಿಂದ ಇಳಿದ ಪರದೇಶದವರು ಮೂವರು ಎಂದು ನನ್ನ ನೆನಪು. ನನ್ನ ದಿನಚರಿ ಇಬ್ಬರು ಎನ್ನುತ್ತದೆ. ನಮ್ಮ ಊರಿನವರನ್ನು ಕೇಳಿದರೆ ಒಂದು ದಂಡೇ ಬಂದಿತ್ತು. ದಿನಚರಿಯನ್ನಾದರೂ ನಂಬೋಣವೆಂದರೆ ಅದನ್ನು ಬರೆದವಳೂ ನಾನೇ. ಅದೂ ಎಲ್ಲ ಮುಗಿದ ನಾಲ್ಕನೆಯ ದಿನ, ಯಾರ ಮುಖವನ್ನೂ ನೋಡಲಾರದೆ ಉಗ್ರಾಣದಲ್ಲಿ ಕೂತು! ಆರೋಪಿಯೇ ಬರೆದುಕೊಂಡ ಸಾಕ್ಷಿಯನ್ನು ಯಾವ ಕೋರ್ಟು ಒಪ್ಪುತ್ತದೆ? ಆದ್ದರಿಂದ ಮೂವರು ಎಂದೇ ಇಟ್ಟುಕೊಳ್ಳೋಣ. ನಾಚಿಕೆಯ ವಿಷಯದಲ್ಲಿ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ. ಅದು ಇನ್ನೂ ಹಸಿಯಾಗಿಯೇ ಇದೆ.

ಆಗ ಮಲೆಯ ಮೇಲೆ ಪೆರಿಯಾರ್ ಅಣೆಕಟ್ಟೆಯ ಕೆಲಸ ನಡೆಯುತ್ತಿತ್ತು. ಕಂಬಂ ಕಣಿವೆಯ ಗಾಡಿಗಳೆಲ್ಲ ಗೂಡಲೂರಿನ ಕಡೆಗೆ ಸುಣ್ಣ, ಅಕ್ಕಿ, ಹಗ್ಗ ಹೊತ್ತುಕೊಂಡು ಹೋಗುತ್ತಿದ್ದವು. ನಾನು ಮದರಾಸಿನಲ್ಲಿ ಯೂನಿವರ್ಸಿಟಿಯ ಎಫ್.ಎ. ಪರೀಕ್ಷೆ ಪಾಸು ಮಾಡಿ, ಐದು ವರ್ಷಗಳಲ್ಲಿ ಮೊದಲ ಬಾರಿಗೆ ಒಂದು ಪೂರ್ತಿ ಬೇಸಿಗೆ ಕಳೆಯಲು ಊರಿಗೆ ಬಂದಿದ್ದೆ. ನಮ್ಮ ಕುಲದಲ್ಲಿ ಅಷ್ಟು ಓದಿದ ಹೆಣ್ಣು ನಾನೊಬ್ಬಳೇ. ಗಂಡಸರಲ್ಲೂ ಯಾರೂ ಇರಲಿಲ್ಲ. ಮನೆಯಲ್ಲಿ ಆಡುವ ನಮ್ಮ ಕನ್ನಡಕ್ಕೆ ಅಕ್ಷರವೂ ಉಂಟೆಂದು ನನಗೆ ಗೊತ್ತಾದದ್ದೇ ಮದರಾಸಿನಲ್ಲಿ, ಬಳ್ಳಾರಿಯ ಗೆಳತಿಯೊಬ್ಬಳು ಕಲಿಸಿದ ಮೇಲೆ. ತಮಿಳು, ಕನ್ನಡ, ಇಂಗ್ಲಿಷು ಹೀಗೆ ಮೂರು ಭಾಷೆ ಬರೆಯಬಲ್ಲ ನನಗೆ ಆಗ ಒಂದು ದೃಢವಾದ ನಂಬಿಕೆಯಿತ್ತು. ಲೋಕದ ಕಷ್ಟಗಳಲ್ಲಿ ಮುಕ್ಕಾಲು ಪಾಲು, ಯಾರೂ ಸ್ಪಷ್ಟವಾಗಿ ಬರೆಯದೆ ಇರುವುದರಿಂದ ಬಂದದ್ದು. ಉಳಿದ ಕಾಲು ಪಾಲಿಗೆ ಎಫ್.ಎ. ಸಾಕು!

ನಮ್ಮ ಊರು ದಿಂಡಿಗಲ್ಲಿನ ತೆಂಕಣಕ್ಕೆ, ಒಂದು ಸಣ್ಣ ರೈಲು ಸ್ಟೇಷನ್ನಿನಿಂದ ಒಂದು ಮೈಲಿ. ಅಲ್ಲಿ ನನ್ನ ತಂದೆಯ ತಂಗಿ ಕೆಂಚತ್ತೆ ಒಂದು ಅಂಗಡಿ ಇಟ್ಟಿದ್ದಳು. ಜಪಾನು ಅಂಗಡಿ! ಅತ್ತೆಯ ಗಂಡ ಸಿಂಗಾಪುರದಲ್ಲಿ ಒಬ್ಬ ಜಪಾನಿನವನ ಕೈಕೆಳಗೆ ಆರು ವರ್ಷ ದುಡಿದು, ಎರಡು ಮರದ ಪೆಟ್ಟಿಗೆಗಳ ಜೊತೆ ಗೂಡಲೂರಿಗೆ ಮರಳಿದ್ದರು. ಪೆಟ್ಟಿಗೆ ಬಿಚ್ಚುವ ಮೊದಲೇ ಜ್ವರ ಬಂದು ತೀರಿಹೋದರು. ಒಳಗೆ ಎಣ್ಣೆಕಾಗದದ ಕೊಡೆಗಳು, ಮಡಚುವ ಬೀಸಣಿಗೆಗಳು, ಮುಖ ಕಾಣುವಷ್ಟು ಹೊಳೆಯುವ ಕರಿಯ ಡಬ್ಬಿಗಳು, ಹಿಡಿಯಿಲ್ಲದ ಪುಟ್ಟ ಪಿಂಗಾಣಿ ಬಟ್ಟಲುಗಳು. ಅತ್ತೆಯ ಮೈದುನ ಒಂದು ಕೊಡೆಯನ್ನು ಬಿಚ್ಚಿ ನೋಡಿ, "ಮಳೆಗೆ ಕಡುದಾಸಿನಾ? ಕಾಗದ ತಡೀತದಾ? ನಮ್ಮಣ್ಣನಿಗೆ ಆಗಲೇ ಜ್ವರ ಇತ್ತು ಅಂತ ಕಾಣ್ತದೆ" ಎಂದಿದ್ದನಂತೆ.

ಅತ್ತೆ ಆ ಪೆಟ್ಟಿಗೆಗಳನ್ನು ಗಾಡಿಗೆ ಹಾಕಿಸಿಕೊಂಡು ತವರಿಗೆ ಬಂದಳು. ಹಾಗೆ ಬರುವುದು ಸುಲಭವಾಗಿರಲಿಲ್ಲ. ಮೈದುನ ಒಂದು ಷರತ್ತು ಹಾಕಿದ್ದ: "ನೋಡಿ ಅತ್ತಿಗೆ, ಒಂದು ಬೇಸಿಗೆ. ಅಂಗಡಿ ನಡೀತು ಅಂದ್ರೆ ನಿಮ್ಮ ಪಾಡು ನಿಮ್ದು, ನಾ ಒಂದು ಮಾತು ಕೇಳಲ್ಲ. ನಡೀಲಿಲ್ಲ ಅಂದ್ರೆ ಗೂಡಲೂರಿಗೆ ಬಂದು ನಮ್ಮ ಗಾಡಿಯವ್ರಿಗೆ ಗಂಜಿ ಕಾಯಿಸ್ಬೇಕು. ಆಮಾ?" ಅತ್ತೆ ಆಮಾ ಎಂದು ಒಪ್ಪಿದ್ದಳು. ದಿನಕ್ಕೆ ಇಪ್ಪತ್ತು ಗಾಡಿಯವರು ಉಣ್ಣುವ ಮನೆ ಅದು. ಅಲ್ಲಿನ ಅಡುಗೆಮನೆಗೆ ಹೊಕ್ಕ ಹೆಂಗಸು ದೀಪಾವಳಿಗೊಮ್ಮೆ ಬೆಳಕು ನೋಡುತ್ತಾಳೆ ಎಂದು ನಮ್ಮಲ್ಲಿ ಹೇಳುತ್ತಿದ್ದರು.

ಊರಿನವರು ಅಂಗಡಿಗೆ ಬರುತ್ತಿದ್ದರು. ನೋಡುತ್ತಿದ್ದರು. ಮುಟ್ಟುತ್ತಿದ್ದರು. "ಇದ್ರಲ್ಲಿ ಉಪ್ಪು ಅಳೀಬೋದಾ?" ಎಂದು ಬಟ್ಟಲನ್ನು ಮಗುಚಿ ಕೇಳುತ್ತಿದ್ದರು. ಮಾಸಿ ಕಳೆದು ಪಂಗುನಿ ತಿಂಗಳು ಬಂದರೂ ಮಾರಾಟವಾದದ್ದು ಒಂದೇ ಒಂದು ಬೀಸಣಿಗೆ. ಅದನ್ನು ಕೊಂಡವಳು ನಾನು.

ಒಂದು ದಿನ ಅಂಗಡಿಯಲ್ಲಿ ಕೂತು ಯೋಚಿಸುತ್ತಿದ್ದಾಗ ನನ್ನ ತಲೆಯಲ್ಲಿ ಬೆಳಕು ಹೊಳೆಯಿತು. ಕೊಡೈಕಾನಲ್ ಬೆಟ್ಟಕ್ಕೆ ಹೋಗುವ ದೊರೆ ದೊರೆಸಾನಿಗಳು ತೂತುಕುಡಿಯಲ್ಲಿ ಹಡಗಿಳಿದು, ರೈಲು ಹತ್ತಿ, ನಮ್ಮ ಸ್ಟೇಷನ್ನಿನಲ್ಲೇ ಇಳಿಯುತ್ತಿದ್ದರು. ಅಲ್ಲಿಂದ ಬತ್ತಲಗುಂಡಿಗೆ ಎತ್ತಿನ ಗಾಡಿ. ಆದರೆ ರೈಲು ಬರುವುದು ಬೆಳಿಗ್ಗೆ, ಬಿಸಿಲಿಗೆ ಹೆದರಿ ಗಾಡಿ ಹೊರಡುವುದು ಸಂಜೆ. ನಡುವೆ ಒಂದು ಇಡೀ ಹಗಲು ಅವರಿಗೆ ಆಕಳಿಸುವುದೊಂದೇ ಕೆಲಸ! ಒಂದು ಮೈಲಿ ದೂರದಲ್ಲಿ ಜಪಾನು ಅಂಗಡಿ ಇದೆಯೆಂದು ಅವರಿಗೆ ಗೊತ್ತಾದರೆ? ದಾರಿ ಗೊತ್ತಾದರೆ?

"ಅತ್ತೆ, ನಾನು ಇಂಗ್ಲಿಷಿನಲ್ಲಿ ದಾರಿ ಬರೀತೀನಿ" ಎಂದೆ.

ಅತ್ತೆ ಕಣ್ಣರಳಿಸಿದಳು. "ಬರೆದ್ರೆ ಬತ್ತಾರಾ ಪುಳ್ಳೆ?" ಪುಳ್ಳೆ ಎಂದರೆ ನಮ್ಮಲ್ಲಿ ಮಗು.

"ಬರದೆ ಏನು? ಅವರು ಬರೆದದ್ದನ್ನೆಲ್ಲ ನಂಬುವ ಜನ."

ಈ ಮಾತು ಎಷ್ಟು ನಿಜವೆಂದು ಆಗ ನನಗೆ ತಿಳಿದಿರಲಿಲ್ಲ.

ಮೊದಲ ಕರಡು ಮೂರೇ ಸಾಲು. ಸ್ಟೇಷನ್ನಿನಿಂದ ಹೊರಗೆ ಬನ್ನಿ. ಬೇವಿನ ಮರದ ಪಕ್ಕದ ಕಾಲುದಾರಿ ಹಿಡಿಯಿರಿ. ದಾರಿ ಮುಗಿಯುವಲ್ಲಿ ನೀಲಿ ಬಾಗಿಲಿನ ಅಂಗಡಿ. ಇಷ್ಟೆ. ಈಗ ಯೋಚಿಸಿದರೆ ನನ್ನ ಜೀವಮಾನದಲ್ಲಿ ನಾನು ಬರೆದ ಅತ್ಯುತ್ತಮ ಗದ್ಯ ಅದು. ಅದನ್ನು ಅಲ್ಲಿಗೇ ಬಿಟ್ಟು ಮಲಗಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ನಾನು ಮಲಗಲಿಲ್ಲ. ದೊಡ್ಡಯ್ಯನಿಗೆ ಓದಿ ಹೇಳಿದೆ.

ದೊಡ್ಡಯ್ಯ ನನ್ನ ತಂದೆಯ ಅಣ್ಣ, ಊರಿಗೆ ಹಿರಿಯರು. ಕಣ್ಣು ಮುಚ್ಚಿ ಕೇಳಿದರು. ಎರಡನೆಯ ಸಾಲಿಗೆ ಕಣ್ಣು ಬಿಟ್ಟರು.

"ಕಾಲುದಾರಿನಾ? ಸುಡುಗಾಡಿನ ಮೇಲೆ ಕರ್ಕೊಂಡು ಬರ್ತೀಯಾ?"

"ಅವರು ಪರಂಗಿಯವರು ದೊಡ್ಡಯ್ಯ. ಅವರಿಗೆ ಅದೆಲ್ಲ ಇಲ್ಲ."

"ಅವ್ರಿಗೆ ಇಲ್ಲ. ನಮ್ಗೆ ಇಲ್ವಾ? ಪರಂಗಿ ಆದ್ರೂ ವಿರುಂದಾಳಿ, ಮನೆಗೆ ಬರೋ ನೆಂಟ. ನೆಂಟನ್ನ ಹೆಣದ ದಾರೀಲಿ ಕರೆದ್ರೆ ಅಂಗಡಿ ಉಳೀತದಾ? ಗಾಡಿರಸ್ತೇಲಿ ಬರ್ಲಿ. ಮೊದ್ಲು ದೇವರ ಆವು ನೋಡ್ಲಿ. ಆಮೇಲೆ ಅಂಗಡಿ."

ದೇವರ ಆವು ಎಂದರೆ ನಮ್ಮ ಕುಲದ ಹಿಂಡು. ನಮ್ಮ ಹಿರಿಯರು ಕನ್ನಡ ನಾಡು ಬಿಟ್ಟು ಬಂದಾಗ ಜೊತೆಗೆ ನಡೆದು ಬಂದ ಹಸುಗಳ ವಂಶ. ಅವನ್ನು ಯಾರೂ ನೊಗಕ್ಕೆ ಕಟ್ಟುವುದಿಲ್ಲ, ಹಾಲು ಮಾರುವುದಿಲ್ಲ, ಕೋಲು ಹಿಡಿದು ಅಟ್ಟುವುದಿಲ್ಲ. ಅವುಗಳಲ್ಲಿ ಒಂದಕ್ಕೆ ಪಟ್ಟ ಕಟ್ಟುತ್ತಾರೆ. ಅದೇ ಪಟ್ಟದಾವು. ಹೆಸರಿನಲ್ಲಿ ಆವು, ಜಾತಿಯಲ್ಲಿ ಹೋರಿ, ದರ್ಬಾರಿನಲ್ಲಿ ಮಹಾರಾಜ! ಗಾಡಿರಸ್ತೆಯ ಪಕ್ಕದಲ್ಲಿ ಅವುಗಳ ದೊಡ್ಡಿ. ಅದಕ್ಕೆ ತೊಳು ಎನ್ನುತ್ತೇವೆ. ಊರಿನಲ್ಲಿ ಯಾರಿಗೆ ದಾರಿ ಹೇಳುವುದಾದರೂ ತೊಳುವಿನಿಂದಲೇ ಹೇಳುವುದು.

"ಪಟ್ಟದಾವು ಯಾವತ್ತೂ ಮೂಡಲು ನೋಡ್ಕೊಂಡೇ ಮಲಗೋದು" ಎಂದರು ದೊಡ್ಡಯ್ಯ. "ಅದ್ರ ಬಾಲ ಎತ್ತ ಇರ್ತದೋ ಅತ್ತ ಹೊರಟ್ರೆ ನಿಮ್ಮತ್ತೆ ಅಂಗಡಿ. ಇದಕ್ಕಿಂತ ಸುಲಭ ದಾರಿ ಉಂಟಾ?"

ನನಗೆ ಇದು ಅತ್ಯಂತ ವೈಜ್ಞಾನಿಕವಾಗಿ ಕಂಡಿತು. ದಿಕ್ಸೂಚಿಯ ಮುಳ್ಳು ಬಡಗಣಕ್ಕೆ, ಪಟ್ಟದಾವಿನ ಬಾಲ ಪಡುವಣಕ್ಕೆ!

ಅತ್ತೆ ಮಾತ್ರ ಬಾಗಿಲ ಹತ್ತಿರ ನಿಂತು, "ಪುಳ್ಳೆ, ವೆಯ್ಯಿಲು ಜಾಸ್ತಿ, ತಲೆ ಸುಡ್ತದೆ. ನೀನೇ ಸ್ಟೇಷನ್ನಿಗೆ ಹೋಗಿ ಕೈ ಹಿಡ್ಕೊಂಡು ಕರ್ಕೊಂಡು ಬಂದ್ಬಿಡು" ಎಂದಳು. ಎರಡು ಸಲ ಹೇಳಿದಳೆಂದು ನೆನಪು. ಮೂರು ಸಲವೂ ಇರಬಹುದು.

"ನಾನೇ ಹೋಗೋದಾದ್ರೆ ಬರೆಯೋದು ಯಾಕೆ ಅತ್ತೆ?" ಎಂದು ನಕ್ಕೆ. ಆ ನಗುವನ್ನು ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಆಮೇಲೆ ನನ್ನ ಲೇಖನಿಗೆ ಆವೇಶ ಬಂದಿತು. ಮೂರು ಸಾಲು ಎರಡು ಹಾಳೆಯಾಯಿತು. "ಸಾಗರದಾಚೆಯಿಂದ ದಯಮಾಡಿಸಿದ ಮಾನ್ಯ ಅತಿಥಿಗಳ ಸನ್ನಿಧಾನಕ್ಕೆ" ಎಂದು ಶುರುವಾಗುವ ಹನ್ನೆರಡು ವಿಧಿಗಳು. ರೈಲು ಪೂರ್ತಿಯಾಗಿ ನಿಂತ ಮೇಲೆ ಇಳಿಯತಕ್ಕದ್ದು ಎಂಬುದು ಮೊದಲನೆಯ ವಿಧಿ. ದೇವರ ಆವುಗಳನ್ನು ಕಾಣುವವರೆಗೂ ನಡೆಯತಕ್ಕದ್ದು, ಕಾಣುವ ಮೊದಲು ಎಲ್ಲಿಯೂ ತಿರುಗಕೂಡದು ಎಂಬುದು ನಾಲ್ಕನೆಯದು. ಐದನೆಯದು ಬಾಲದ್ದು. ಬರೆದದ್ದನ್ನು ದೊಡ್ಡಯ್ಯನಿಗೆ ಮತ್ತೆ ಓದಿ ಹೇಳಿದಾಗ ಅವರು ಆರನೆಯದನ್ನು ಸೇರಿಸಿದರು: ಪಟ್ಟದಾವಿನ ಮುಂದೆ ಹಾಯಬಾರದು, ಅದು ನಡೆದರೆ ಅದರ ಹಿಂದೆಯೇ ಮರ್ಯಾದೆಯಿಂದ ನಡೆಯತಕ್ಕದ್ದು. ಏಳನೆಯದು ನನ್ನ ಸ್ವಂತದ್ದು: ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯುವುದು ಗೌರವದ ಲಕ್ಷಣವೆನಿಸುತ್ತದೆ. ಇದು ನಮ್ಮಲ್ಲಿ ಇಲ್ಲದ ಪದ್ಧತಿ. ಏಕೆ ಬರೆದೆನೋ ಗೊತ್ತಿಲ್ಲ. ವಿಧಿಗಳು ಹನ್ನೆರಡಾದರೆ ಚೆನ್ನ ಎನಿಸಿತ್ತು.

ಕೊನೆಯಲ್ಲಿ ಸಹಿ ಬೇಕಲ್ಲ? ಅಂಗಡಿ ಅತ್ತೆಯದು. ಹಾಗಾಗಿ "ಕೆಂಚಮ್ಮ, ಅಂಗಡಿಯ ಒಡತಿ" ಎಂದು ದುಂಡಗೆ ಅವಳ ಹೆಸರನ್ನೇ ಬರೆದೆ. ಇದನ್ನು ನಾನು ವಿನಯವೆಂದು ತಿಳಿದಿದ್ದೆ.

ಮರುದಿನ ಬೆಳಿಗ್ಗೆ ರೈಲು ಬರುವ ಮೊದಲು ಗಾಡಿಗಳು ನಿಲ್ಲುವ ಬೇವಿನ ಮರಕ್ಕೆ ಹಾಳೆಗಳನ್ನು ಮೊಳೆ ಹೊಡೆದು ಬಂದೆ. ಅತ್ತೆ ಜಗುಲಿ ಸಾರಿಸಿ, ಕೊಡೆಗಳನ್ನು ತೊಲೆಗೆ ತೂಗುಹಾಕಿ, ಬಟ್ಟಲುಗಳನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟಿದ್ದಳು. ಊರಿಗೆ ಇದ್ದದ್ದು ಒಂದೇ ಕುರ್ಚಿ. ಅದನ್ನೂ ತರಿಸಿದ್ದಳು. ಮೈದುನನೂ ಅಂದೇ ಗೂಡಲೂರಿನಿಂದ ಬಂದು, "ನಡೆಯುತ್ತೋ ಇಲ್ವೋ ಅಂತ ಕಣ್ಣಲ್ಲೇ ನೋಡೋಣ ಅಂತ ಬಂದೆ" ಎಂದು ಆ ಕುರ್ಚಿಯಲ್ಲಿ ಕೂತುಬಿಟ್ಟ.

ರೈಲಿನ ಕೂಗು ಕೇಳಿಸಿತು. ನಾವು ಕಾದೆವು.

ಒಂದು ಗಂಟೆ ಕಳೆಯಿತು. ಎರಡಾಯಿತು. ಅತ್ತೆ ನೆಟ್ಟಗಿದ್ದ ಬಟ್ಟಲುಗಳನ್ನು ಮತ್ತೆ ನೆಟ್ಟಗೆ ಮಾಡಿದಳು. ಮೈದುನ ಒಂದು ಬೀಸಣಿಗೆ ತೆಗೆದುಕೊಂಡು ಗಾಳಿ ಹಾಕಿಕೊಳ್ಳತೊಡಗಿದ. ಕೊಳ್ಳುವ ಲಕ್ಷಣವೇನೂ ಕಾಣಲಿಲ್ಲ.

ಹೊತ್ತು ನೆತ್ತಿಗೆ ಬಂದಾಗ ಎದುರು ಮನೆಯ ವೀರಮ್ಮ ಹೊಲದಿಂದ ಓಡುತ್ತ ಬಂದಳು. ಬುಟ್ಟಿ ಒಂದು ಕಡೆ, ಸೆರಗು ಒಂದು ಕಡೆ.

"ಏ ಕೆಂಚಿ! ಕೆಂಚಿ! ಅಂಗೆ ಬಂದು ನೋಡು! ದೊರೆಗಳು ನಮ್ಮ ಆವು ಮೇಯಿಸ್ತಾ ಇದ್ದಾರೆ!"

"ಏನು?"

"ಆಮಾ! ಒಬ್ಬ ಮುದುಕ ದೊರೆ, ಇಬ್ರು ದೊರೆಸಾನಿ. ಪಟ್ಟದಾವು ಹಿಂದೆ ಸಾಲಾಗಿ ಹೋಗ್ತಾ ಇದ್ದಾರೆ. ಕೈ ಬೇರೆ ಹಿಂಗೆ ಎತ್ಕೊಂಡಿದ್ದಾರೆ. ಯಾರಿಗೆ ಆಶೀರ್ವಾದ ಮಾಡ್ತಾರೋ ಕಾಣೆ!"

ನಾನು ಎದ್ದು ನಿಂತೆ. "ಎಲ್ಲಿ? ತೊಳುವಿನಲ್ಲಾ?"

"ತೊಳುವಿನಲ್ಲಿ ಯಾರಿದ್ದಾರೆ? ಕಾಲುವೆ ಆಚೆ, ಜೋಳದ ಕೂಳೆ ಹೊಲದಲ್ಲಿ."

ಆಗ ನೆನಪಾಯಿತು. ಐದು ವರ್ಷ ಮದರಾಸಿನ ಹಾಸ್ಟೆಲಿನಲ್ಲಿ ಮರೆತಿದ್ದದ್ದು ಒಂದೇ ಸಲಕ್ಕೆ ಮೇಲೆ ಬಂತು. ಜೋಳ ಕೊಯ್ದ ಮೇಲೆ ಹಿಂಡು ತೊಳು ಬಿಟ್ಟು ಕೂಳೆ ಹೊಲಗಳಿಗೆ ಹೋಗಿಬಿಡುತ್ತದೆ. ತಾನಾಗಿ ಹೋಗುತ್ತದೆ, ತಾನಾಗಿ ಬರುತ್ತದೆ. ಆದರೆ ಊರಿನಲ್ಲಿ ಯಾರೂ "ಆವು ತೊಳುವಿನಲ್ಲಿ ಇಲ್ಲ" ಎನ್ನುವುದಿಲ್ಲ. ಆವು ಇಲ್ಲ ಎಂಬ ಮಾತು ಬಾಯಿಂದ ಬಂದರೆ ಅಪಶಕುನ. ತೊಳು ಬರಿದಾಗಿ ನೊಣವೊಂದೇ ಹಾರಾಡುತ್ತಿದ್ದರೂ "ಆವು ಇದ್ದಾವೆ" ಎಂದೇ ಹೇಳಬೇಕು. ನಾನು ಹುಟ್ಟಿ ಬೆಳೆದ ಊರಿನ ಪದ್ಧತಿ ಇದು! ದೊಡ್ಡಯ್ಯ ಹೇಳಬಾರದ್ದನ್ನು ಹೇಳಿರಲಿಲ್ಲ. ಅತ್ತೆ ಹೇಳಬಾರದ್ದನ್ನು ಹೇಳದೆಯೇ ಹೇಳಿದ್ದಳು: ನೀನೇ ಹೋಗಿ ಕೈ ಹಿಡಿದು ಕರೆದುಕೊಂಡು ಬಾ ಎಂದು. ಅರ್ಥವಾಗದೆ ಹೋದದ್ದು ಎಫ್.ಎ. ಪಾಸಾದವಳಿಗೆ ಒಬ್ಬಳಿಗೇ.

ಓಡಿದೆ. ಓಡುವಾಗ ಬುದ್ಧಿವಂತಿಕೆ ನನ್ನನ್ನು ಬಿಡಲಿಲ್ಲ. ಪಾಪ, ಬಿಸಿಲಿನಲ್ಲಿ ಒಣಗಿರುತ್ತಾರೆ, ನೆರಳಾದರೂ ಕೊಡೋಣ, ಸರಕಿನ ಪರಿಚಯವೂ ಆದಂತಾಯಿತು ಎಂದು ತೊಲೆಯಿಂದ ಎಲ್ಲಕ್ಕಿಂತ ದೊಡ್ಡ ಜಪಾನು ಕೊಡೆಯನ್ನು ಕಿತ್ತುಕೊಂಡು ಓಡಿದೆ.

ಕೂಳೆ ಹೊಲದಲ್ಲಿ ಕಂಡ ದೃಶ್ಯವನ್ನು ದಿನಚರಿಯ ಸಹಾಯವಿಲ್ಲದೆ ವರ್ಣಿಸಬಲ್ಲೆ. ಮುಂದೆ ಪಟ್ಟದಾವು, ಮಹಾರಾಜನ ನಡಿಗೆಯಲ್ಲಿ. ಅದರ ಹಿಂದೆ ಹತ್ತು ಹೆಜ್ಜೆ ಬಿಟ್ಟು ಮುದುಕ ದೊರೆ, ಎಡಗೈಯಲ್ಲಿ ಮರದಿಂದ ಕಿತ್ತ ನನ್ನ ಹಾಳೆಗಳು, ಬಲಗೈ ಎದೆಯ ಮಟ್ಟಕ್ಕೆ. ಅವರ ಹಿಂದೆ ಅವರ ತಂಗಿ, ತಂಗಿಯ ಹಿಂದೆ ಅವಳ ಗೆಳತಿ, ಎಲ್ಲರ ಬಲಗೈಯೂ ಎದೆಯ ಮಟ್ಟಕ್ಕೆ. ಮುಖಗಳು ಬೇಯಿಸಿದ ಬೀಟ್‌ರೂಟಿನ ಹಾಗೆ. ಪಟ್ಟದಾವು ಎಡಕ್ಕೆ ತಿರುಗಿದರೆ ಮೂವರೂ ಎಡಕ್ಕೆ. ಅದು ನಿಂತು ಒಂದು ಕೂಳೆ ಕಿತ್ತರೆ ಮೂವರೂ ನಿಂತು ಕಾಯುವುದು. ಸುತ್ತ ಮೂವತ್ತು ನಲವತ್ತು ಹಸುಗಳು ಮೆಲುಕು ಹಾಕುತ್ತ ಅವರನ್ನು ನೋಡುತ್ತಿದ್ದವು.

ನಾನು ಇಂಗ್ಲಿಷಿನಲ್ಲಿ ಕೂಗಿದೆ. ಮುದುಕ ದೊರೆಯ ಮುಖದಲ್ಲಿ ಜೀವ ಬಂತು.

"ಅಮ್ಮಾ, ನೀವು ಈ ಅಂಗಡಿಯವರೇ?" ಎಂದು ಬಹಳ ಸೌಜನ್ಯದಿಂದ ಕೇಳಿದರು. "ನಮಗೆ ಒಂದು ಸಣ್ಣ ಸಂದೇಹ. ಐದನೆಯ ವಿಧಿಯ ಪ್ರಕಾರ ನಾವು ಬಾಲದ ದಿಕ್ಕಿಗೆ ಹೋಗಬೇಕು. ಆರನೆಯ ವಿಧಿಯ ಪ್ರಕಾರ ಹೋರಿ ನಡೆದರೆ ಅದರ ಹಿಂದೆ ಹೋಗಬೇಕು. ಎರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆಂದು ನಾವು ಎರಡು ಗಂಟೆ ಹೊತ್ತಿನಿಂದ ಚರ್ಚಿಸುತ್ತಿದ್ದೇವೆ. ಅದು ಮಲಗಿದರೆ ಬಗೆಹರಿಯುತ್ತದೆ ಎಂದು ನನ್ನ ತಂಗಿಯ ಅಭಿಪ್ರಾಯ. ಅದು ಮಲಗುತ್ತಿಲ್ಲ."

ಅವರ ತಂಗಿ ತಲೆಯಾಡಿಸಿದಳು. ಇನ್ನೇನು ಬೀಳುವಂತಿದ್ದಳು. ಭೂಮಿ ಬಾಯಿ ಬಿಟ್ಟಿದ್ದರೆ ಸಂತೋಷದಿಂದ ಒಳಗೆ ಹೋಗುತ್ತಿದ್ದೆ. ಅದು ಬಿಡಲಿಲ್ಲ. ಏನಾದರೂ ಉಪಕಾರ ಮಾಡಬೇಕಲ್ಲ? ಅವಳ ತಲೆಯ ಮೇಲೆ ಹಿಡಿಯೋಣವೆಂದು ಕೊಡೆಯನ್ನು ಬಿಚ್ಚಿದೆ.

ಎಣ್ಣೆಕಾಗದದ ಕೊಡೆ ಮೊದಲ ಸಲ ಬಿಚ್ಚಿಕೊಳ್ಳುವಾಗ ಎಂಥ ಸದ್ದು ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ. ಪಟಾರ್! ಕೆಂಪು ಬಣ್ಣದ್ದು, ಮೇಲೆ ಒಂದು ಕೊಕ್ಕರೆ, ರೆಕ್ಕೆ ಹರಡಿಕೊಂಡು.

ಎರಡು ಗಂಟೆ ಮೂವರು ಪರಂಗಿಯವರನ್ನು ಸಹಿಸಿದ್ದ ಪಟ್ಟದಾವು ಆ ಕೊಕ್ಕರೆಯನ್ನು ಸಹಿಸಲಿಲ್ಲ. ತಲೆಯೆತ್ತಿತು. ಬುಸುಗುಟ್ಟಿತು. ಬಾಲವನ್ನು ನೆಟ್ಟಗೆ ಆಕಾಶಕ್ಕೆ ಎತ್ತಿತು (ಐದನೆಯ ವಿಧಿಯ ಪ್ರಕಾರ ನಾವೆಲ್ಲ ಸ್ವರ್ಗಕ್ಕೆ ಹೋಗಬೇಕಾಗಿತ್ತು) ಮತ್ತು ಓಡಿತು. ಅದರ ಹಿಂದೆ ಇಡೀ ಹಿಂಡು. ಕಾಲುವೆ ಹಾರಿತು, ಸುಡುಗಾಡು ಹೊಕ್ಕಿತು, ಕಾಲುದಾರಿ ಹಿಡಿಯಿತು, ದಾರಿ ಮುಗಿಯುವಲ್ಲಿದ್ದ ನೀಲಿ ಬಾಗಿಲಿಗೆ ನೇರವಾಗಿ ಹೋಗಿ ಮುಟ್ಟಿತು. ನನ್ನ ಮೊದಲ ಕರಡನ್ನು ಅಕ್ಷರ ಅಕ್ಷರವಾಗಿ ಪಾಲಿಸಿದ್ದು ಆ ಹೋರಿ ಒಂದೇ!

ಮುದುಕ ದೊರೆ ಹಾಳೆಯನ್ನೊಮ್ಮೆ ನೋಡಿದರು. "ಆರನೆಯ ವಿಧಿ" ಎಂದು ತಂಗಿಗೆ ಹೇಳಿ, ಕೈಯೆತ್ತಿಕೊಂಡೇ ಹಿಂದೆ ಓಡತೊಡಗಿದರು.

ಹೀಗೆ ಸಾಗರದಾಚೆಯ ಅತಿಥಿಗಳು ಜಪಾನು ಅಂಗಡಿಯನ್ನು ತಲುಪಿದರು. ನನ್ನ ಬರಹ ಸಫಲವಾಯಿತು. ಅಂಗಡಿ ಮಾತ್ರ ಇರಲಿಲ್ಲ.

ಮೈದುನ ಸೂರಿನ ತೊಲೆಯನ್ನು ಅಪ್ಪಿಕೊಂಡು ಮೇಲೆ ನೇತಾಡುತ್ತಿದ್ದ. ಊರಿನ ಒಂದೇ ಕುರ್ಚಿ ಊರಿನ ಒಂದೇ ಸೌದೆಯಾಗಿತ್ತು. ಕೊಡೆಗಳು ಕೊಂಬುಗಳಿಗೆ ಸಿಕ್ಕಿ ಊರೆಲ್ಲ ಮೆರವಣಿಗೆ ಹೊರಟಿದ್ದವು. ಬಟ್ಟಲುಗಳು ಚಾಪೆಯ ಮೇಲೆ ಬಿಳಿಯ ಚೂರುಗಳಾಗಿದ್ದವು. ಆ ಚೂರುಗಳ ನಡುವೆ ಅತ್ತೆ ಕೂತಿದ್ದಳು. ಅಳುತ್ತಿರಲಿಲ್ಲ. ಒಡೆಯದೆ ಉಳಿದ ಬಟ್ಟಲು ಒಂದೇ ಒಂದು. ಅದಕ್ಕೆ ನೀರು ತುಂಬಿ, ಎದ್ದು ಬಂದು, ಬೀಳುವಂತಿದ್ದ ದೊರೆಸಾನಿಗೆ ಕೊಟ್ಟಳು.

ದೊರೆಸಾನಿ ಕುಡಿದು ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಹಳ ಚೆನ್ನಾಗಿದೆ, ಇಂಥವು ಇನ್ನೂ ಎಷ್ಟಿವೆ ಎಂದು ಕೇಳಿದಳು. ಈ ಪ್ರಶ್ನೆಯನ್ನು ಅತ್ತೆಗೆ ಭಾಷಾಂತರಿಸುವ ಕೆಲಸ ನನ್ನದಾಗಿತ್ತು.

"ಅದೊಂದೇ ಅಂತ ಹೇಳು" ಎಂದಳು ಅತ್ತೆ. "ಅವ್ರೇ ಇಟ್ಕೊಳ್ಲಿ. ವಿರುಂದಾಳಿ ಕೈಗೆ ಕೊಟ್ಟದ್ದಕ್ಕೆ ಬೆಲೆ ಹೇಳ್ಬಾರ್ದು."

ಜಪಾನು ಅಂಗಡಿಯ ಕೊನೆಯ ವ್ಯಾಪಾರ ಅದು.

ಸಂಜೆ ತೊಳುವಿನ ಮುಂದೆ ಊರಿನ ಹಿರಿಯರು ಸೇರಿದರು. ದೇವರ ಆವು ಸುಡುಗಾಡು ತುಳಿದಿತ್ತು. ನಮ್ಮ ಕುಲ ಈ ಸೀಮೆಗೆ ಬಂದಾಗಿನಿಂದ ನಡೆಯದ ಕೆಲಸ. ಹಿಂಡಿಗೆಲ್ಲ ಅರಿಸಿನದ ನೀರು ಚಿಮುಕಿಸಿದರು. ಪಟ್ಟದಾವು ಶಾಂತವಾಗಿ, ಮೂಡಲಿಗೆ ಮುಖ ಮಾಡಿಕೊಂಡು ಮಲಗಿತ್ತು. ಈಗ!

ದೊಡ್ಡಯ್ಯ, ದೊರೆ ಬಿಟ್ಟುಹೋದ ನನ್ನ ಹಾಳೆಗಳನ್ನು ತಲೆಕೆಳಗಾಗಿ ಹಿಡಿದುಕೊಂಡು ನಡುವೆ ನಿಂತಿದ್ದರು. ಆರನೆಯ ವಿಧಿ ತಮ್ಮದೆಂಬುದನ್ನು ಅವರು ಹೇಳಲಿಲ್ಲ. ಹೇಳಬೇಕಾದವಳು ನಾನು.

"ಈ ಕಡುದಾಸಿ ಯಾರ್ದು?" ಎಂದು ಒಬ್ಬ ಮುದುಕರು ಕೇಳಿದರು.

ಊರಿನಲ್ಲಿ ಇಂಗ್ಲಿಷು ಬರೆಯಬಲ್ಲವರು ಎಷ್ಟು ಮಂದಿ? ಒಬ್ಬಳು. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಕೇಳಿದರು. ಕೇಳಿ, ಯಾರ ಕಡೆಗೂ ನೋಡದೆ ಕಾದರು. ಈಗ ಅನಿಸುತ್ತದೆ, ಅದೊಂದು ದಾಕ್ಷಿಣ್ಯವಾಗಿತ್ತು. ನಾನಾಗಿ ಎದ್ದು ನಿಲ್ಲಲು ನನಗೆ ಬಿಟ್ಟ ಜಾಗ.

ಮೂರು ಭಾಷೆ ಬಲ್ಲ ನಾನು ಮೂರರಲ್ಲೂ ಸುಮ್ಮನಿದ್ದೆ.

ಆಗ ಹೆಂಗಸರ ಸಾಲಿನಿಂದ ಅತ್ತೆ ಎದ್ದಳು. "ನಂದೇ. ನಾನೇ ಹಿಂಗಿಂಗೆ ಬರಿ ಅಂತ ಹೇಳಿ ಬರೆಸ್ದೆ. ಕೆಳಗೆ ಹೆಸರು ಯಾರ್ದಿದೆ? ನಂದಲ್ವಾ? ಆ ಪುಳ್ಳೆಗೆ ಏನು ಗೊತ್ತು, ಊರು ಬಿಟ್ಟು ಐದು ವರ್ಷ ಆಯ್ತು."

ಮೈದುನ ಮೊಣಕಾಲು ನೀವಿಕೊಳ್ಳುತ್ತ, "ಸರಿ ಅತ್ತಿಗೆ, ಹೊರಡೋಣ" ಎಂದ. ಅಷ್ಟೆ. ಮಾತು ಮುಗಿಯಿತು. ಬೆಟ್ಟಕ್ಕೆ ಹೋಗುವ ದೊರೆಗಳ ಗಾಡಿ ಅತ್ತ ಹೊರಟಿತ್ತು. ಎರಡು ದಿನ ಬಿಟ್ಟು ಅತ್ತೆಯ ಗಾಡಿ ಇತ್ತ, ಕಂಬಂ ದಾಟಿ ಗೂಡಲೂರಿಗೆ ಹೊರಟಿತು. ಪೆಟ್ಟಿಗೆಗಳು ಹಗುರವಾಗಿದ್ದವು. ಎತ್ತುಗಳಿಗೆ ಕಷ್ಟವಾಗಲಿಲ್ಲ.

ದೊಡ್ಡಯ್ಯನನ್ನು ಮಾರನೆಯ ದಿನ ಕೇಳಿದೆ: "ಹಿಂಡು ಅಲ್ಲಿಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?"

"ಥೂ! ಬಾಯಿ ತೊಳ್ಕೋ ಹೋಗು" ಎಂದರು.

ಇದನ್ನೆಲ್ಲ ನಾನು ಮದರಾಸಿನಲ್ಲಿ ಗೆಳತಿಯರಿಗೆ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಆರನೆಯ ವಿಧಿಗೆ ಬಂದಾಗ ಎಲ್ಲರೂ ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಹೋರಿಗಿಂತ ಬುದ್ಧಿ ಕಡಿಮೆಯಿದ್ದ ಎಫ್.ಎ. ಎಂದು ನನ್ನನ್ನು ನಾನೇ ಹಾಸ್ಯ ಮಾಡಿಕೊಳ್ಳುತ್ತೇನೆ. ಕತೆಯನ್ನು ದೊರೆಗಳು ಅಂಗಡಿ ತಲುಪಿದಲ್ಲಿಗೆ ನಿಲ್ಲಿಸಿಬಿಡುವುದು ರೂಢಿ. ಸಂಜೆಯ ಭಾಗವನ್ನು ಬರೆದದ್ದು ಇದೇ ಮೊದಲು.

ಈಗ ಮಲೆಯ ನೀರು ಕಣಿವೆಗೆ ಇಳಿದು ಮೂರು ವರ್ಷವಾಯಿತು. ಹೋದ ತೈ ತಿಂಗಳಲ್ಲಿ ಗೂಡಲೂರಿಗೆ ಹೋಗಿದ್ದೆ. ಅಣೆಕಟ್ಟೆಯ ಕೆಲಸ ಮುಗಿದರೂ ಆ ಮನೆಯಲ್ಲಿ ಗಾಡಿಯವರು ಮುಗಿದಿಲ್ಲ. ಅತ್ತೆ ಅಡುಗೆಮನೆಯಲ್ಲಿದ್ದಳು. ಹೊಗೆಗೆ ಕಣ್ಣು ಕೆಂಪಾಗಿತ್ತು. ನನ್ನನ್ನು ಕಂಡು ಹಿಗ್ಗಿದಳು. ಹಳೆಯದನ್ನೆಲ್ಲ ನೆನೆದು ನಕ್ಕೆವು. ಅವಳು ಸೌಟನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಮುದುಕ ದೊರೆಯ ಹಾಗೆ ಅಡುಗೆಮನೆಯಲ್ಲಿ ಎರಡು ಸುತ್ತು ನಡೆದೂ ತೋರಿಸಿದಳು. ನಾನು ಕಣ್ಣೊರೆಸಿಕೊಳ್ಳುವಷ್ಟು ನಕ್ಕೆ. ಆ ನಗುವಿನ ಧೈರ್ಯದಲ್ಲಿ, ಇಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ.

"ಅತ್ತೆ, ಅವತ್ತು ತೊಳುವಿನ ಮುಂದೆ, ನೀನು ಏಳೋಕೆ ಮುಂಚೆ, ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆಯಲ್ಲ. ನಾನು ಏಳ್ತೀನಿ ಅಂತ ಕಾದಿದ್ದೆಯಾ?"

ಅತ್ತೆ ಸೌಟು ಇಟ್ಟಳು. ಊದುಕೊಳವೆ ಎತ್ತಿಕೊಂಡು ಬಗ್ಗಿ ಒಲೆ ಊದತೊಡಗಿದಳು. ಒಲೆ ಆಗಲೇ ಚೆನ್ನಾಗಿ ಉರಿಯುತ್ತಿತ್ತು.